ತಂಗಿಗೆ ಕರೆಂಟ್ ಕೊಡಿಸಿದ್ದೆವು. ನಿಮ್ಮ ಅಮ್ಮನಿಗೆ ಏನು ಹೇಳಬಹುದು

"ತಮ್ಮ ಹನ್ನೆರಡು ದಿನದಿಂದ ಮಾತಾಡ್ತಿಲ್ಲ, ಬಾಯಿಗಿಟ್ಟ ಅನ್ನ ನುಂಗ್ತಿಲ್ಲ. ಕೆಟಟೋನಿಯಾ ಅಂದಿದ್ದಾರೆ, ಇಸಿಟಿ ಬೇಕಂತೆ. ಅಮ್ಮ ಸುತಾರಾಂ ಒಪ್ತಿಲ್ಲ" ಅಂತ ಕೇಳಿದ್ದೀರಿ. ಕೆಟಟೋನಿಯಾ ಅಂದರೆ ಮಾತು, ಚಲನೆ ನಿಂತು ಮನುಷ್ಯ ಕಲ್ಲಿನಂತಾಗುವ ಸ್ಥಿತಿ; ಇಸಿಟಿ ಅಂದರೆ ತಲೆಗೆ ಕರೆಂಟ್ ಕೊಟ್ಟು ಮಾಡುವ ಚಿಕಿತ್ಸೆ. ನಾನು ಡಾಕ್ಟರಲ್ಲ, ತೀರ್ಥಹಳ್ಳಿ ಕಡೆಯವಳು. ನನ್ನ ತಂಗಿಗೆ ಇದೇ ಆಗಿತ್ತು.

ಅಡಿಕೆ ಕೊಯ್ಲಿನ ಸಮಯ. ಅಂಗಳದಲ್ಲಿ ಚಪ್ಪರದ ಕಂಬ ಹಿಡಿದು ನಿಂತವಳು ಕತ್ತಲಾದರೂ ನಿಂತೇ ಇದ್ದಳು. ಅವಳ ಕೈ ಎತ್ತಿ ಬಿಟ್ಟರೆ ಎತ್ತಿದ ಹಾಗೇ ಉಳಿಯುತ್ತಿತ್ತು. "ಎಂತದೋ ಸೋಕಿದೆ ಮಾರಾಯ್ತಿ" ಅಂದರು. ನೋಟ, ತಾಯಿತ, ಕರ್ಪೂರದಾರತಿ ಅಂತ ಒಂಬತ್ತು ದಿನ ಕಳೆದೆವು. ಯಾರನ್ನೂ ಬೈಯಲಾರೆ, ಆರತಿ ತಟ್ಟೆ ಹಿಡಿದು ನಿಂತವಳು ನಾನೇ. ಶಿವಮೊಗ್ಗಕ್ಕೆ ಹೊರಟಾಗ ಅವಳ ನಾಲಿಗೆ ಒಣಗಿ ಬಿರಿದಿತ್ತು.

ಮೊದಲು ಲೊರಾಜೆಪಾಮ್ ಎಂಬ, ಆತಂಕ ಇಳಿಸುವ ಔಷಧಿಯ ಇಂಜೆಕ್ಷನ್ ಕೊಟ್ಟರು. ಹತ್ತು ನಿಮಿಷಕ್ಕೆ "ನೀರು" ಅಂದಳು. ಮಧ್ಯಾಹ್ನಕ್ಕೆ ಮತ್ತೆ ಕಲ್ಲು. ಡೋಸ್ ಏರಿಸಿ ನೋಡಿದರು, ನಾಲ್ಕನೇ ದಿನ ಜ್ವರ ಏರಿತು, ನಾಡಿ ಓಡತೊಡಗಿತು. ಆಗಲೇ ಇಸಿಟಿ ಮಾತು ಬಂದದ್ದು. ನಿಮ್ಮ ತಮ್ಮನಿಗೆ ಈ ಔಷಧಿ ಕೊಟ್ಟು ನೋಡಿದ್ದಾರಾ, ಮೊದಲು ಅದನ್ನು ಕೇಳಿ. ಎಷ್ಟೋ ಜನ ಅದರಲ್ಲೇ ಎದ್ದು ಕೂರುತ್ತಾರೆ. ಏಳದಿದ್ದರೆ ಹೆದರಬೇಕಾದ್ದು ಕರೆಂಟಿಗಲ್ಲ, ಆ ಮಲಗಿರುವಿಕೆಗೆ. ನೀರಿಲ್ಲದೆ ಕಿಡ್ನಿ ಸೋಲುತ್ತದೆ, ಅಲ್ಲಾಡದ ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿ ಕೂರಬಹುದು.

ಅಮ್ಮನ ಕಣ್ಣಮುಂದೆ ಸಿನಿಮಾದ ದೃಶ್ಯ ಇರುತ್ತದೆ: ಕಟ್ಟಿಹಾಕುವುದು, ಕಿರುಚಾಟ. ನಮ್ಮಮ್ಮನಿಗೂ ಇತ್ತು. ಈಗ ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಕೊಡುವ ಹಾಗೇ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹಾಗೆ ಕೊಡುವುದನ್ನು ನಿಷೇಧಿಸಿದೆ. ಹದಿನೆಂಟು ತುಂಬದವರಾದರೆ ಪೋಷಕರ ಒಪ್ಪಿಗೆ ಸಾಲದು, ಆ ಕಾಯ್ದೆಯಡಿಯ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿಯೂ ಬೇಕು. ರಾತ್ರಿಯಿಂದ ಉಪವಾಸ, ಬೆಳಿಗ್ಗೆ ನಿದ್ದೆಯ ಇಂಜೆಕ್ಷನ್, ಹಲ್ಲಿಗೆ ರಬ್ಬರ್ ತುಂಡು. ಕೆಲವೇ ಸೆಕೆಂಡು ಕರೆಂಟ್, ಅದರಿಂದ ಅರ್ಧ ನಿಮಿಷವೋ ಒಂದು ನಿಮಿಷವೋ ಫಿಟ್ಸ್. ಗುಣ ಮಾಡುವುದು ಆ ಫಿಟ್ಸ್. ನಾವು ಹೊರಗೆ ಬೆಂಚಿನ ಮೇಲೆ ಕೂತು ಕಾಫಿ ತಣ್ಣಗಾಗುವುದರೊಳಗೆ ಮುಗಿದಿತ್ತು.

ಆಮೇಲೆ ಓದಿ ತಿಳಿದದ್ದು: 1934ರಲ್ಲಿ ಬುಡಾಪೆಸ್ಟಿನ ಮೆಡುನಾ ಎಂಬ ವೈದ್ಯ ಇದೇ ಕಾಯಿಲೆಯವನೊಬ್ಬನಿಗೆ ಫಿಟ್ಸ್ ಬರಿಸಲು ಚುಚ್ಚಿದ್ದು ಕರ್ಪೂರವನ್ನಂತೆ, ಎಣ್ಣೆಯಲ್ಲಿ ಕರಗಿಸಿ. ರೋಮಿನಲ್ಲಿ ಕರೆಂಟ್ ಬಳಸಿದ್ದು ನಾಲ್ಕು ವರ್ಷದ ನಂತರ. ಕರ್ಪೂರ ನಮ್ಮಲ್ಲೂ ಇತ್ತು, ನಾವು ಹಚ್ಚಿದೆವು.

ವಾರಕ್ಕೆ ಮೂರರಂತೆ ಅವಳಿಗೆ ಎಂಟು ಆಯಿತು. ಮೂರನೆಯದಾದ ಸಂಜೆ ಕಿಟಕಿಯಾಚೆ ಮೋಡ ನೋಡಿ "ಅಡಿಕೆ ಒಳಗೆ ಹಾಕಿದ್ರಾ?" ಅಂದಳು. ಹದಿನೇಳು ದಿನದಲ್ಲಿ ಅವಳಾಗಿ ಆಡಿದ ಮೊದಲ ಮಾತು.

ಮರೆವಿನ ವಿಷಯ ನಮಗೆ ಯಾರೂ ಸರಿಯಾಗಿ ಹೇಳಲಿಲ್ಲ, ಕಾಗದಕ್ಕೆ ಸಹಿ ಹಾಕಿಸಿಕೊಂಡರು ಅಷ್ಟೇ. ಆ ಸಿಟ್ಟು ಇನ್ನೂ ಇದೆ. ಪ್ರತಿ ಸಲ ಎಚ್ಚರಾದಾಗ ತಲೆನೋವು, ಸ್ವಲ್ಪ ಹೊತ್ತು ಗಲಿಬಿಲಿ. ಹೊಸದು ನೆನಪಿಡುವುದು ಒಂದೆರಡು ತಿಂಗಳಲ್ಲಿ ಸರಿಹೋಯಿತು. ಆದರೆ ಆ ವರ್ಷದ ದೀಪಾವಳಿ, ಅತ್ತೆ ಮಗಳ ಮದುವೆ ಅವಳಿಗೆ ವಾಪಸ್ ಬರಲಿಲ್ಲ. ಫೋಟೋದಲ್ಲಿ ತನ್ನನ್ನೇ ನೋಡಿ "ಈ ಸೀರೆ ಯಾವಾಗ ತಗೊಂಡೆ?" ಅನ್ನುತ್ತಾಳೆ. ಇದನ್ನು ಅಮ್ಮನಿಂದ ಮುಚ್ಚಿಡಬೇಡಿ, ಮುಚ್ಚಿಟ್ಟರೆ ಆಮೇಲೆ ನಿಮ್ಮನ್ನೇ ನಂಬುವುದಿಲ್ಲ. ಇಸಿಟಿ ಮುಗಿಯಿತೆಂದು ಮಾತ್ರೆ ನಿಲ್ಲಿಸುವ ಹಾಗೂ ಇಲ್ಲ. ಇದರ ಹಿಂದಿದ್ದ ಮೂಲ ಕಾಯಿಲೆಗೆ ಅವಳಿಗೆ ಈಗಲೂ ಔಷಧಿ ನಡೆಯುತ್ತಿದೆ.

ಇನ್ನೊಂದು: ಹೀಗೆ ಕಲ್ಲಾದವರಿಗೂ ಎಷ್ಟೋ ಸಲ ಎಲ್ಲ ಕೇಳಿಸುತ್ತಿರುತ್ತದೆ. ಹಾಸಿಗೆ ಪಕ್ಕ ಖರ್ಚಿನ ಲೆಕ್ಕ ಮಾಡಿದ್ದನ್ನು ತಂಗಿ ಆಮೇಲೆ ರೂಪಾಯಿ ಸಮೇತ ಹೇಳಿದಳು. ನಿಮ್ಮ ತಮ್ಮ ಇನ್ನೂ ಮನೆಯಲ್ಲೇ ಇದ್ದರೆ ಈ ಉತ್ತರ ಓದಿ ಮುಗಿಸಿದ ಕೂಡಲೇ ಆಸ್ಪತ್ರೆಗೆ ಹೊರಡಿ. ಒಪ್ಪುವುದು ಬಿಡುವುದು ಅಲ್ಲಿ ಡ್ರಿಪ್ ಹಾಕಿಸಿದ ಮೇಲೆ ಮಾತಾಡಬಹುದು.