ಇಲಿಗಳೂ ಖಾಲಿ ಮಾಡಿದ ಕಟ್ಟಡ: ರೋಮನ್ನರ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಸಿನಿಮಾಗಳಲ್ಲಿ ನೋಡಿದರೆ ಹಳೇ ರೋಮ್‌ನಲ್ಲಿ ಎಲ್ಲರೂ ಅಮೃತಶಿಲೆಯ ಕಂಬದ ಬಂಗಲೆಯಲ್ಲೇ ಇದ್ದ ಹಾಗೆ ಕಾಣುತ್ತದೆ. ಸಾಮಾನ್ಯ ಜನ ಎಲ್ಲಿ ಇರುತ್ತಿದ್ದರು? ಬಾಡಿಗೆ ಮನೆ ಅನ್ನೋದು ಆಗಲೂ ಇತ್ತಾ?
(ಬೆಂಗಳೂರಿನ ಓದುಗರೊಬ್ಬರು)

ಉತ್ತರ: ಇತ್ತು, ನೀವು ಊಹಿಸುವುದಕ್ಕಿಂತ ಜಾಸ್ತಿಯೇ ಇತ್ತು. ಚಕ್ರವರ್ತಿ ಆಗಸ್ಟಸ್ ಕಾಲಕ್ಕೆ, ಅಂದರೆ ಸುಮಾರು 2,000 ವರ್ಷದ ಹಿಂದೆ, ರೋಮ್ ನಗರದಲ್ಲಿ ಹತ್ತಿರ ಹತ್ತಿರ 10 ಲಕ್ಷ ಜನ ಇದ್ದರು ಅನ್ನೋದು ಅಂದಾಜು. ಅಷ್ಟು ಜನರಿಗೆ ಬಂಗಲೆ ಎಲ್ಲಿಂದ ಬರಬೇಕು? ಹೆಚ್ಚಿನವರು ಇದ್ದದ್ದು ಬಹುಮಹಡಿ ಬಾಡಿಗೆ ಕಟ್ಟಡಗಳಲ್ಲಿ. ಅದಕ್ಕೆ ಇನ್ಸುಲಾ ಎನ್ನುತ್ತಿದ್ದರು. ಲ್ಯಾಟಿನ್‌ನಲ್ಲಿ ಆ ಪದಕ್ಕೆ ದ್ವೀಪ ಅಂತಲೂ ಅರ್ಥ. ನಮ್ಮ ಹಳೇ ವಠಾರವನ್ನು ಒಂದರ ಮೇಲೊಂದು ಐದಾರು ಸಲ ಪೇರಿಸಿದರೆ ಹೇಗೋ ಹಾಗೆ ಅಂದುಕೊಳ್ಳಿ.

ನೆಲಮಹಡಿಯಲ್ಲಿ ಅಂಗಡಿಗಳು. ಅದರ ಮೇಲೆ ಸ್ವಲ್ಪ ಅನುಕೂಲವಾದ ಮನೆಗಳು. ಮೇಲೆ ಹೋದಂತೆ ಕೋಣೆ ಚಿಕ್ಕದು, ಬಾಡಿಗೆ ಕಡಿಮೆ, ಬಡತನ ಹೆಚ್ಚು. ಲಿಫ್ಟ್ ಇರಲಿಲ್ಲವಲ್ಲ. ಈಗ ಮೇಲಿನ ಮಹಡಿಯ ಪೆಂಟ್‌ಹೌಸಿಗೆ ಕೋಟಿ ಕೊಡುತ್ತಾರೆ, ಆಗ ಗತಿಯಿಲ್ಲದವರು ಅಲ್ಲಿಗೆ ಹತ್ತುತ್ತಿದ್ದರು. ನಗರಕ್ಕೆ ಕಾಲುವೆಗಳಲ್ಲಿ ಧಾರಾಳವಾಗಿ ನೀರು ಬರುತ್ತಿತ್ತು, ನಿಜ. ಮೊದಲ ಕಾಲುವೆ ಕಟ್ಟಿದ್ದು ಕ್ರಿ.ಪೂ. 312ರಲ್ಲಿ. ಆದರೆ ಅದು ಬೀದಿಯ ತೊಟ್ಟಿಯ ತನಕ ಮಾತ್ರ. ಐದನೇ ಮಹಡಿಗೆ ಕೊಡ ಹೊತ್ತೇ ಹತ್ತಬೇಕು. ಕ್ರಿ.ಶ. 97ರಲ್ಲಿ ನಗರದ ನೀರಿನ ಉಸ್ತುವಾರಿ ವಹಿಸಿಕೊಂಡ ಫ್ರಾಂಟಿನಸ್ ಎಂಬ ಅಧಿಕಾರಿ ಒಂದು ವರದಿಯನ್ನೇ ಬರೆದಿಟ್ಟಿದ್ದಾನೆ. ನೀರುಗಂಟಿಗಳೇ ಕೊಳವೆಗೆ ತೂತು ಹೊಡೆದು ಕದ್ದು ನೀರು ಮಾರುತ್ತಿದ್ದರು ಅಂತ ಅದರಲ್ಲಿ ಗೋಳಾಡುತ್ತಾನೆ. ಓದುತ್ತಾ ನಗು ಬಂದರೂ, ಯಾವ ಊರಿನ ವರದಿ ಇದು ಅಂತ ಒಂದು ಕ್ಷಣ ಅನುಮಾನ ಬರುತ್ತದೆ.

ಬಾಡಿಗೆ ವರ್ಷ ಶುರುವಾಗುತ್ತಿದ್ದದ್ದು ಜುಲೈ 1ಕ್ಕೆ. ಆ ದಿನ ಊರು ತುಂಬಾ ಸಾಮಾನು ಸಾಗಿಸುವ ಗಲಾಟೆ. ಎರಡು ವರ್ಷದ ಬಾಡಿಗೆ ಬಾಕಿ ಇಟ್ಟು ಹೊರಬಿದ್ದ ಒಂದು ಕುಟುಂಬ ಮುರುಕು ಮಂಚ, ಒಡೆದ ಪಾತ್ರೆ ಹೊತ್ತು ಬೀದಿಯಲ್ಲಿ ಹೋಗುವುದನ್ನು ಕವಿ ಮಾರ್ಷಿಯಲ್ ಕನಿಕರವೇ ಇಲ್ಲದೆ ಗೇಲಿ ಮಾಡಿದ್ದಾನೆ. ಪಾಂಪೇ ಊರಿನ ಗೋಡೆಯ ಮೇಲೆ ಒಂದು 'ಟು ಲೆಟ್' ಬರಹವೂ ಸಿಕ್ಕಿದೆ. ಜುಲೈ 1ರಿಂದ ಅಂಗಡಿ, ಅದರ ಮೇಲಿನ ಕೋಣೆ, ಒಳ್ಳೆಯ ಮನೆಗಳು ಬಾಡಿಗೆಗಿವೆ, ಬೇಕಾದವರು ಮಾಲೀಕ ನಿಗಿಡಿಯಸ್ ಮಾಯುಸ್‌ನ ಗುಲಾಮ ಪ್ರೈಮಸ್‌ನನ್ನು ಕಾಣಿ ಅಂತ. ಗಮನಿಸಿ, ಮನೆ ತೋರಿಸುವವನು ಗುಲಾಮ. ಈ ಪ್ರೈಮಸ್ ಮೂರನೇ ಪ್ರಶ್ನೆಯಲ್ಲಿ ಮತ್ತೆ ಬರುತ್ತಾನೆ.

ಬಾಡಿಗೆ ಎಷ್ಟಿತ್ತು? ಒಂದು ಸುಳಿವು ಇದೆ. ಜನ ಸಾಲದಲ್ಲಿ ಮುಳುಗಿದ್ದಾಗ ಜೂಲಿಯಸ್ ಸೀಸರ್ ಒಂದು ವರ್ಷದ ಬಾಡಿಗೆ ಮನ್ನಾ ಮಾಡಿದ. ರೋಮ್‌ನಲ್ಲಿ 2,000 ಸೆಸ್ಟರ್ಸ್‌ವರೆಗೆ (ಸೆಸ್ಟರ್ಸ್ ಅಂದರೆ ಆಗಿನ ರೋಮನ್ ನಾಣ್ಯ), ಇಟಲಿಯ ಉಳಿದ ಕಡೆ 500ರವರೆಗೆ. ನಾಲ್ಕು ಪಟ್ಟು ವ್ಯತ್ಯಾಸ! ಆ ಕಾಲದಲ್ಲಿ ಒಬ್ಬ ಸೈನಿಕನ ವರ್ಷದ ಸಂಬಳ 900 ಸೆಸ್ಟರ್ಸ್. ರೋಮ್‌ನ ಕತ್ತಲೆ ಕೋಣೆಯೊಂದರ ವರ್ಷದ ಬಾಡಿಗೆಗೆ ಸಣ್ಣ ಊರಲ್ಲಿ ತೋಟದ ಸಮೇತ ಸ್ವಂತ ಮನೆಯೇ ಬರುತ್ತದೆ ಅಂತ ಜುವೆನಲ್ ಕವಿ ಬೈದುಕೊಂಡಿದ್ದಾನೆ. ಕವಿಯ ಮಾತು, ಸ್ವಲ್ಪ ಉಪ್ಪು ಖಾರ ಇರುತ್ತದೆ. ಆದರೂ ಸೀಸರ್‌ನ ಲೆಕ್ಕ ನೋಡಿದರೆ ಪೂರ್ತಿ ಸುಳ್ಳಲ್ಲ.

ಇಷ್ಟು ಬಾಡಿಗೆ ಕೊಟ್ಟ ಮೇಲೂ ಕಟ್ಟಡ ನಿಲ್ಲುತ್ತದೆ ಎಂಬ ಖಾತ್ರಿ ಇಲ್ಲ. ಸುಪ್ರಸಿದ್ಧ ಭಾಷಣಕಾರ ಸಿಸೆರೋ ಕೂಡ ಬಾಡಿಗೆ ಕಟ್ಟಡಗಳ ಮಾಲೀಕನೇ. ಕ್ರಿ.ಪೂ. 44ರಲ್ಲಿ ಗೆಳೆಯ ಆಟಿಕಸ್‌ಗೆ ಕಾಗದ ಬರೆಯುತ್ತಾ, ನನ್ನ ಎರಡು ಅಂಗಡಿ ಕುಸಿದು ಬಿದ್ದವು, ಉಳಿದವು ಬಿರುಕು ಬಿಟ್ಟಿವೆ, ಬಾಡಿಗೆಯವರಷ್ಟೇ ಅಲ್ಲ, ಇಲಿಗಳೂ ಖಾಲಿ ಮಾಡಿಕೊಂಡು ಹೋಗಿವೆ ಅನ್ನುತ್ತಾನೆ. ಅವನಿಗೆ ಅದು ತಮಾಷೆ. ಒಳಗಿದ್ದವರಿಗೆ ಹೇಗಿತ್ತೋ!

ಕುಸಿತದ ಜೊತೆಗೆ ಬೆಂಕಿಯ ಭಯ. ಮರದ ಚೌಕಟ್ಟಿಗೆ ತಡಿಕೆ ಹೆಣೆದು ಮಣ್ಣು ಮೆತ್ತಿದ ಗೋಡೆಗಳು ಅಗ್ಗ, ಬೇಗ ಏಳುತ್ತಿದ್ದವು. ಇವನ್ನು ಯಾರೂ ಕಂಡುಹಿಡಿಯದೇ ಇದ್ದಿದ್ದರೆ ಚೆನ್ನಾಗಿತ್ತು, ಪಂಜಿನ ಹಾಗೆ ಹತ್ತಿಕೊಳ್ಳುತ್ತವೆ ಅಂತ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದಿದ್ದಾನೆ. ಶ್ರೀಮಂತ ಕ್ರಾಸಸ್ ಉರಿಯುವ ಮನೆಗಳನ್ನೂ ಅಕ್ಕಪಕ್ಕದ ಮನೆಗಳನ್ನೂ ಕಡಿಮೆ ಬೆಲೆಗೆ ಕೊಂಡು ಆಸ್ತಿ ಮಾಡಿದ. ಅವನ ಬಳಿ ಕಟ್ಟಡ ಕೆಲಸ ಬಲ್ಲ 500 ಗುಲಾಮರಿದ್ದರು. (ಅವನದೇ ಅಗ್ನಿಶಾಮಕ ದಳವಿತ್ತು, ದುಡ್ಡು ಕೊಟ್ಟರೆ ಮಾತ್ರ ನೀರು ಹಾಕುತ್ತಿತ್ತು ಎಂಬ ಕಥೆ ತುಂಬಾ ಓಡಾಡುತ್ತದೆ. ಅವನ ಜೀವನ ಬರೆದ ಪ್ಲೂಟಾರ್ಕ್ ಹಾಗೆ ಹೇಳಿಲ್ಲ.) ನಿಜವಾದ ಬೆಂಕಿ ಕಾವಲು ಪಡೆ ಬಂದದ್ದು ಕ್ರಿ.ಶ. 6ರಲ್ಲಿ. ಅದನ್ನು ಕಟ್ಟಿದವನು ಆಗಸ್ಟಸ್. ಕಟ್ಟಡದ ಎತ್ತರ 70 ರೋಮನ್ ಅಡಿ ದಾಟಬಾರದು ಅಂತ ಮಿತಿ ಹಾಕಿದವನೂ ಅವನೇ. ಮುಂದೆ ಚಕ್ರವರ್ತಿ ಟ್ರಾಜನ್ ಅದನ್ನು 60ಕ್ಕೆ ಇಳಿಸಿದ. ಆದರೂ ಕ್ರಿ.ಶ. 64ರ ಬೆಂಕಿಯಲ್ಲಿ ನಗರದ 14 ವಿಭಾಗಗಳಲ್ಲಿ ಪೂರ್ತಿ ಉಳಿದದ್ದು ನಾಲ್ಕೇ.

ಒಂದು ಕಾನೂನು ಮಾತ್ರ ನನಗೆ ಬಹಳ ಇಷ್ಟ. ಮೇಲಿನ ಕಿಟಕಿಯಿಂದ ಏನಾದರೂ ಬಿಸಾಡಿ ಅಥವಾ ಸುರಿದು ಕೆಳಗೆ ಹೋಗುವವರಿಗೆ ನಷ್ಟವಾದರೆ, ಆ ಮನೆಯಲ್ಲಿರುವವನು ಎರಡು ಪಟ್ಟು ಕಟ್ಟಿಕೊಡಬೇಕು. ಯಾರು ಎಸೆದರು ಅನ್ನೋದು ಮುಖ್ಯವಲ್ಲ. ಸ್ವತಂತ್ರ ಮನುಷ್ಯ ಸತ್ತರೆ 50 ಚಿನ್ನದ ನಾಣ್ಯ ದಂಡ. ಗಾಯವಾದರೆ ವೈದ್ಯರ ಖರ್ಚು, ಕೆಲಸ ತಪ್ಪಿದ ನಷ್ಟ ಕೊಡಬೇಕು. ಆದರೆ ಮುಖದ ಮೇಲೆ ಉಳಿಯುವ ಕಲೆಗೆ ಪರಿಹಾರ ಇಲ್ಲ. ಯಾಕೆಂದರೆ ಸ್ವತಂತ್ರ ಮನುಷ್ಯನ ಮೈಗೆ ಬೆಲೆ ಕಟ್ಟಲಾಗದು ಅಂತ ನ್ಯಾಯಶಾಸ್ತ್ರಜ್ಞರ ವಾದ. ಗುಲಾಮನ ಮೈಗೆ? ಅದಕ್ಕೆ ಬೆಲೆ ಇತ್ತು, ಸಂತೆಯಲ್ಲಿ ಗೊತ್ತಾಗುತ್ತಿತ್ತು.

ಪ್ರಶ್ನೆ: ರೋಮನ್ನರು ಹೊಟ್ಟೆ ತುಂಬಾ ತಿಂದು, ವಾಂತಿ ಮಾಡಿ, ಮತ್ತೆ ತಿನ್ನಲು ಬರುತ್ತಿದ್ದರಂತೆ. ಅದಕ್ಕೆ 'ವೊಮಿಟೋರಿಯಂ' ಎಂಬ ಕೋಣೆ ಇತ್ತಂತೆ. ನಿಜವಾ?
(ದಾವಣಗೆರೆಯ ಪಿಯುಸಿ ವಿದ್ಯಾರ್ಥಿ)

ಉತ್ತರ: ಕೋಣೆಯ ಕಥೆ ಸುಳ್ಳು. ವೊಮಿಟೋರಿಯಂ ಅಂದರೆ ರಂಗಮಂದಿರದಲ್ಲಿ ಪ್ರೇಕ್ಷಕರು ಆಸನಗಳ ನಡುವೆ ಬಂದು ಹೋಗುವ ದಾರಿ. ಜನರನ್ನು ಒಮ್ಮೆಗೇ ಹೊರಕ್ಕೆ ಕಕ್ಕುವ ದಾರಿ ಅಂತ ಆ ಹೆಸರು. ಕ್ರಿ.ಶ. 80ರಲ್ಲಿ ತೆರೆದ ಕೊಲೋಸಿಯಂನ 80 ಬಾಗಿಲುಗಳಲ್ಲಿ 76ಕ್ಕೆ ನಂಬರ್ ಕೆತ್ತಿದ್ದರು. ಕೆಲವು ನಂಬರ್ ಇಂದಿಗೂ ಕಾಣುತ್ತವೆ. ಅತಿಯಾಗಿ ತಿಂದು ಕಕ್ಕುವ ಸಿರಿವಂತರನ್ನು ತತ್ವಜ್ಞಾನಿ ಸೆನೆಕಾ ಬೈದದ್ದು ನಿಜ. ಆದರೆ ಹೆಚ್ಚಿನ ಜನರ ಊಟ ಗಂಜಿ, ರೊಟ್ಟಿ, ಕಾಳು, ಒಂದಿಷ್ಟು ಎಣ್ಣೆ. ಕಕ್ಕುವಷ್ಟು ಯಾರಿಗಿತ್ತು?

ಪ್ರಶ್ನೆ: ರೋಮ್‌ನಲ್ಲಿ ಗುಲಾಮರಾಗಿದ್ದವರು ಬಿಡುಗಡೆಯಾದ ಮೇಲೆ ಪೂರ್ತಿ ನಾಗರಿಕರಾಗುತ್ತಿದ್ದರು ಅಂತ ಓದಿದೆ. ಹಾಗಾದರೆ ಅಲ್ಲಿನ ಗುಲಾಮಗಿರಿ ಅಷ್ಟು ಕೆಟ್ಟದ್ದಾಗಿರಲಿಲ್ಲ ಅನ್ನಬಹುದಾ?
(ಶಿವಮೊಗ್ಗದ ಶಿಕ್ಷಕಿ)

ಉತ್ತರ: ಮೊದಲ ಮಾತು ಬಹುಪಾಲು ಸರಿ. ಎರಡನೆಯದನ್ನು ನಾನು ಒಪ್ಪುವುದಿಲ್ಲ, ಮೇಡಂ.

ರೋಮನ್ ನಾಗರಿಕನೊಬ್ಬ ತನ್ನ ಗುಲಾಮನನ್ನು ವಿಧಿಪೂರ್ವಕವಾಗಿ ಬಿಟ್ಟರೆ ಅವನೂ ನಾಗರಿಕನಾಗುತ್ತಿದ್ದ. ಗ್ರೀಕ್ ನಗರಗಳಲ್ಲಿ ಹೀಗಿರಲಿಲ್ಲ. ಬಿಡುಗಡೆಯಾದವನು ಧಣಿಯ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಳ್ಳುತ್ತಿದ್ದ. ಸಿಸೆರೋನ ಕಾರ್ಯದರ್ಶಿ ಟೈರೋ ಹೀಗೆ ಮಾರ್ಕಸ್ ಟುಲಿಯಸ್ ಟೈರೋ ಆದ. ಹೀಗೆ ಬಿಡುಗಡೆಯಾದವನು ಸ್ವತಃ ದೊಡ್ಡ ಅಧಿಕಾರಕ್ಕೆ ನಿಲ್ಲುವಂತಿರಲಿಲ್ಲ, ಆದರೆ ಬಿಡುಗಡೆಯ ನಂತರ ಹುಟ್ಟಿದ ಮಕ್ಕಳಿಗೆ ಆ ತಡೆ ಇಲ್ಲ. ಕವಿ ಹೊರೇಸ್‌ನ ತಂದೆ ಹಿಂದೆ ಗುಲಾಮ. ಕ್ರಿ.ಶ. 193ರಲ್ಲಿ ಚಕ್ರವರ್ತಿಯಾದ ಪರ್ಟಿನಾಕ್ಸ್‌ನ ತಂದೆಯೂ ಅಷ್ಟೇ. ಒಂದು ತಲೆಮಾರಿನಲ್ಲಿ ಗುಲಾಮಗಿರಿಯಿಂದ ಸಿಂಹಾಸನ!

ರೋಮ್‌ಗೆ ಹೋದರೆ ಪೋರ್ಟಾ ಮಜ್ಜೋರೆ ಎಂಬ ಹೆಬ್ಬಾಗಿಲಿನ ಪಕ್ಕ ಒಂದು ವಿಚಿತ್ರ ಸಮಾಧಿ ನೋಡಿ. ಯೂರಿಸಾಸೆಸ್ ಎಂಬ ಬೇಕರಿಯವನದು. ಗೋಡೆ ತುಂಬಾ ದೊಡ್ಡ ದೊಡ್ಡ ದುಂಡು ತೂತುಗಳು. ಹಿಟ್ಟು ನಾದುವ ಯಂತ್ರದ ಆಕಾರ ಅದು ಎಂದು ವಿದ್ವಾಂಸರು ಹೇಳುತ್ತಾರೆ. ಮೇಲಿನ ಪಟ್ಟಿಯಲ್ಲಿ ಗೋಧಿ ಬೀಸುವುದರಿಂದ ಹಿಡಿದು ರೊಟ್ಟಿ ತೂಗುವ ತನಕ ಎಲ್ಲ ಕೆಲಸ ಕೆತ್ತಿಸಿದ್ದಾನೆ. ಅವನು ಬಿಡುಗಡೆಯಾದ ಗುಲಾಮನಿರಬೇಕು ಅನ್ನೋದು ಹೆಚ್ಚಿನವರ ಅಭಿಪ್ರಾಯ. ಸೆನೆಟರ್‌ಗಳು ಕೈಕೆಲಸವನ್ನು ಹೀನಾಯವಾಗಿ ನೋಡುತ್ತಿದ್ದ ಕಾಲದಲ್ಲಿ ಈ ಮನುಷ್ಯ ತನ್ನ ಕಸುಬನ್ನೇ ಗೋರಿಯ ಮೇಲೆ ಮೆರೆಸಿದ. ರೋಮ್‌ನಲ್ಲಿ ನನಗೆ ಕೊಲೋಸಿಯಂಗಿಂತ ಇದೇ ಹೆಚ್ಚು ಇಷ್ಟ.

ಆದರೆ ಇವರೆಲ್ಲ ಬದುಕಿ ದಡ ಸೇರಿದವರು. ಸಮಾಧಿ ಕಟ್ಟಿಸುವಷ್ಟು ದುಡ್ಡಿದ್ದವರ ಕಥೆ ಮಾತ್ರ ಕಲ್ಲಿನಲ್ಲಿ ಉಳಿಯುತ್ತದೆ. ಧಣಿಯ ಲೆಕ್ಕ ಬರೆಯುವವನು, ಅಡುಗೆಯವನು, ನಮ್ಮ ಪ್ರೈಮಸ್‌ನಂಥ ಏಜೆಂಟ್ ಬಿಡುಗಡೆಯ ಕನಸು ಕಾಣಬಹುದಿತ್ತು. ಸ್ಪೇನಿನ ಬೆಳ್ಳಿ ಗಣಿಯಲ್ಲಿದ್ದವನಿಗೆ ಆ ಕನಸೂ ಇಲ್ಲ. ಬಿಡುಗಡೆಯ ಆಸೆ ತೋರಿಸುವುದು ಧಣಿಗಳಿಗೂ ಲಾಭವೇ ಆಗಿತ್ತು. ಆಸೆ ಇದ್ದವನು ಮೈಮುರಿದು ದುಡಿಯುತ್ತಾನೆ, ಓಡಿಹೋಗುವುದಿಲ್ಲ. ಎಷ್ಟೋ ಜನ ತಾವೇ ಕೂಡಿಟ್ಟ ಕಾಸಿನಿಂದ ತಮ್ಮನ್ನು ಕೊಂಡುಕೊಳ್ಳುತ್ತಿದ್ದರು. ಅದರ ಮೇಲೂ ಸರ್ಕಾರಕ್ಕೆ ಶೇ. 5 ತೆರಿಗೆ.

ಓಡಿಹೋದವರ ಕೊರಳಿಗೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದರು. ಅಂಥದ್ದೊಂದು ಪಟ್ಟಿಗೆ ತೂಗುಹಾಕಿದ ಬಿಲ್ಲೆಯ ಮೇಲಿನ ಬರಹ ಹೀಗಿದೆ: "ನಾನು ಓಡಿಬಂದಿದ್ದೇನೆ, ಹಿಡಿಯಿರಿ. ನನ್ನ ಧಣಿ ಝೋನಿನಸ್‌ಗೆ ಒಪ್ಪಿಸಿದರೆ ಒಂದು ಚಿನ್ನದ ನಾಣ್ಯ ಸಿಗುತ್ತದೆ." ನಾಯಿಯ ಕೊರಳಿಗೆ ವಿಳಾಸ ಕಟ್ಟಿದ ಹಾಗೆ.

ಇನ್ನೊಂದು ಘಟನೆ. ಕ್ರಿ.ಶ. 61ರಲ್ಲಿ ನಗರದ ಮುಖ್ಯಾಧಿಕಾರಿ ಪೆಡಾನಿಯಸ್ ಸೆಕಂಡಸ್‌ನನ್ನು ಅವನ ಒಬ್ಬ ಗುಲಾಮ ಕೊಂದ. ಹಳೇ ಪದ್ಧತಿಯಂತೆ ಆ ಮನೆಯ ಎಲ್ಲ ಗುಲಾಮರೂ ಸಾಯಬೇಕು. ಒಟ್ಟು 400 ಮಂದಿ, ಹೆಂಗಸರು ಮಕ್ಕಳು ಸೇರಿ. ಸೆನೆಟ್‌ನಲ್ಲಿ ಚರ್ಚೆಯಾಯಿತು. ಭಯ ಹುಟ್ಟಿಸದೆ ಇವರನ್ನು ಹಿಡಿತದಲ್ಲಿ ಇಡಲಾಗದು ಎಂಬ ವಾದ ಗೆದ್ದಿತು. ಆಗ ಬೀದಿಗಿಳಿದು ಕಲ್ಲು, ಪಂಜು ಹಿಡಿದು ತಡೆಯಲು ಬಂದವರು ಯಾರು ಗೊತ್ತಾ? ರೋಮ್‌ನ ಸಾಮಾನ್ಯ ಜನ. ಅವರಲ್ಲಿ ಎಷ್ಟೋ ಮಂದಿಯ ಅಪ್ಪನೋ ಅಜ್ಜನೋ ಗುಲಾಮನಾಗಿದ್ದಿರಬೇಕು. ಚಕ್ರವರ್ತಿ ನೀರೋ ದಾರಿಯುದ್ದಕ್ಕೂ ಸೈನಿಕರನ್ನು ನಿಲ್ಲಿಸಿ 400 ಮಂದಿಯನ್ನೂ ಕೊಲ್ಲಿಸಿದ. ನಾಗರಿಕತ್ವದ ಮಾತು ಪಾಠದಲ್ಲಿ ಬಂದಾಗ ಮಕ್ಕಳಿಗೆ ಇದನ್ನೂ ಹೇಳಿ ಅಂತ ನನ್ನ ಕೋರಿಕೆ.

ಪ್ರಶ್ನೆ: ಕರ್ನಾಟಕದಲ್ಲಿ ರೋಮನ್ ನಾಣ್ಯ ಸಿಕ್ಕಿದೆ ಅಂತಾರೆ. ರೋಮನ್ನರು ಇಲ್ಲಿಗೆ ಬಂದಿದ್ದರಾ? ಹಳೇ ಗ್ರೀಕ್ ನಾಟಕದಲ್ಲಿ ಕನ್ನಡ ಇದೆ ಅನ್ನೋದು ಎಷ್ಟು ನಿಜ?
(ಚಿತ್ರದುರ್ಗದ ಓದುಗರು)

ಉತ್ತರ: ನಿಮ್ಮ ಊರಿನ ಚಂದ್ರವಳ್ಳಿಯಲ್ಲೇ ಸಿಕ್ಕಿದೆಯಲ್ಲ ಸ್ವಾಮಿ! ಆಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು. ಬೆಂಗಳೂರಿನ ಯಶವಂತಪುರದಲ್ಲೂ 1891ರಲ್ಲಿ ಒಂದು ರಾಶಿ ಸಿಕ್ಕಿತ್ತು. ನಾಣ್ಯ ಸಿಕ್ಕ ಮಾತ್ರಕ್ಕೆ ರೋಮನ್ನರೇ ಬಂದಿದ್ದರು ಅನ್ನುವಂತಿಲ್ಲ, ದುಡ್ಡು ಕೈಯಿಂದ ಕೈಗೆ ದಾಟುತ್ತಾ ಬರುತ್ತದೆ. ಹಡಗುಗಳು ಬರುತ್ತಿದ್ದದ್ದು ಕೇರಳದ ಮುಜಿರಿಸ್‌ನಂಥ ಬಂದರುಗಳಿಗೆ, ಮುಖ್ಯವಾಗಿ ಕರಿಮೆಣಸಿಗಾಗಿ. ಈಜಿಪ್ಟಿನ ಒಂದೇ ಬಂದರಿನಿಂದ ವರ್ಷಕ್ಕೆ 120 ಹಡಗು ಭಾರತದ ಕಡೆ ಹೊರಡುತ್ತಿದ್ದವು ಅಂತ ಆ ಕಾಲದ ಗ್ರೀಕ್ ಭೂಗೋಳಜ್ಞ ಸ್ಟ್ರಾಬೋ ಬರೆದಿದ್ದಾನೆ.

ನಾಟಕದ ವಿಷಯಕ್ಕೆ ಬಂದರೆ, ರೋಮನ್ ಆಳ್ವಿಕೆಯ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ (ಜೊಂಡಿನಿಂದ ಮಾಡಿದ ಹಳೇ ಕಾಗದ) ಒಂದರಲ್ಲಿ ಗ್ರೀಕ್ ಪ್ರಹಸನ ಇದೆ. ಭಾರತದ ಕರಾವಳಿಯಲ್ಲಿ ಸೆರೆಯಾದ ಕ್ಯಾರಿಟಿಯಾನ್ ಎಂಬ ಹುಡುಗಿಯನ್ನು ಅವಳ ಕಡೆಯವರು ಬಿಡಿಸಿಕೊಂಡು ಹೋಗುವ ಕಥೆ. ಇಲ್ಲಿಯವರಿಗೆ ನೀರು ಬೆರೆಸದ ಮದ್ಯ ಕುಡಿಸಿ ಪರಾರಿಯಾಗುತ್ತಾರೆ. ಅದರಲ್ಲಿ ಇಲ್ಲಿಯವರು ಆಡುವ ಮಾತು ಕನ್ನಡ ಇರಬಹುದು ಅಂತ 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಸ್ ಸೂಚಿಸಿದರು. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನು ಬೆಳೆಸಿದರು. ತುಳು ಅಂದವರೂ ಇದ್ದಾರೆ, ಸುಮ್ನೆ ನಗಿಸಲು ಕಟ್ಟಿದ ಬಡಬಡಿಕೆ ಅಂದವರೂ ಇದ್ದಾರೆ. ನನ್ನ ಮಟ್ಟಿಗೆ ಅದು ಇನ್ನೂ ಸಾಬೀತಾಗಿಲ್ಲ. ಎರಡನೇ ಶತಮಾನದಲ್ಲಿ ಟಾಲೆಮಿ ತನ್ನ ಭೂಗೋಳದಲ್ಲಿ ಬರೆದ 'ಬನೌಆಸೇಯ್' ನಮ್ಮ ಬನವಾಸಿ ಅನ್ನೋದು ಇದಕ್ಕಿಂತ ಎಷ್ಟೋ ಗಟ್ಟಿ ಸಾಕ್ಷಿ.

ಮೆಣಸಿನ ಹುಚ್ಚು ಮಾತ್ರ ಕೊನೆಯ ತನಕ ಬಿಡಲಿಲ್ಲ. ಕ್ರಿ.ಶ. 408ರಲ್ಲಿ ಗಾಥ್ ಬುಡಕಟ್ಟಿನ ದೊರೆ ಅಲಾರಿಕ್ ರೋಮ್ ನಗರವನ್ನು ಮುತ್ತಿದ. ಹಿಂದೆ ಸರಿಯಲು ಕೇಳಿದ್ದು 5,000 ಪೌಂಡ್ ಚಿನ್ನ, 30,000 ಪೌಂಡ್ ಬೆಳ್ಳಿ, ಜೊತೆಗೆ 3,000 ಪೌಂಡ್ ಮೆಣಸು. ಕೊಟ್ಟರು. ಎರಡು ವರ್ಷ ಬಿಟ್ಟು ಮತ್ತೆ ಬಂದ, ಆ ಸಲ ಒಳಗೇ ನುಗ್ಗಿದ.