ಎಸ್‌ಟಿ-ಲಿಂಕ್ ಡಿಬಗರ್ ನಿನ್ನೆ ತನಕ ಸರಿ ಇತ್ತು, ಇವತ್ತು ಕನೆಕ್ಟ್ ಆಗ್ತಿಲ್ಲ. ಸುಟ್ಟು ಹೋಗಿದೆಯಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ವಿಜಯಪುರದಲ್ಲಿ ಕೊನೇ ವರ್ಷದ ಇಂಜಿನಿಯರಿಂಗ್. ದ್ರಾಕ್ಷಿ ತೋಟದ ಡ್ರಿಪ್ ಮೋಟರ್‌ಗೆ ಕಂಟ್ರೋಲರ್ ಮಾಡುವ ಪ್ರಾಜೆಕ್ಟ್. ಬ್ಲೂ ಪಿಲ್ ಅನ್ನೋ ಎಸ್‌ಟಿಎಂ32 ಚಿಪ್‌ನ ಸಣ್ಣ ಬೋರ್ಡು, ಅದಕ್ಕೆ ಕಂಪ್ಯೂಟರ್‌ನಿಂದ ಪ್ರೋಗ್ರಾಂ ಹಾಕಲು, ತಪ್ಪು ಹುಡುಕಲು ಪೆನ್‌ಡ್ರೈವ್ ತರ ಇರುವ ಎಸ್‌ಟಿ-ಲಿಂಕ್ ವಿ2 ಡಿಬಗರ್. ನಿನ್ನೆ ರಾತ್ರಿ ಹೊಸ ಪ್ರಾಜೆಕ್ಟ್ ತೆರೆದು ಒಂದು ಸಲ ಪ್ರೋಗ್ರಾಂ ಹಾಕಿದಿರಿ, ಹೋಯಿತು. ಆಮೇಲಿಂದ "ನೋ ಟಾರ್ಗೆಟ್ ಫೌಂಡ್", ಅಂದರೆ ಚಿಪ್ಪು ಸಿಗಲಿಲ್ಲ ಅಂತ. ಡ್ರೈವರ್ ಮೂರು ಸಲ ತೆಗೆದು ಹಾಕಿದ್ದೀರಿ. ಇನ್ನು ವಿಂಡೋಸ್ ಹೊಸದಾಗಿ ಹಾಕಲಾ, ಇಲ್ಲ ಹೊಸ ಡಿಬಗರ್ ತರಿಸಲಾ ಅಂತ ಕೇಳಿದ್ದೀರಿ.

ಎರಡೂ ಬೇಡ. ನೂರಕ್ಕೆ ತೊಂಬತ್ತು ಪಾಲು ನಿಮ್ಮ ಡಿಬಗರ್ ಚೆನ್ನಾಗಿಯೇ ಇದೆ. ನಿಮ್ಮದೇ ಪ್ರೋಗ್ರಾಂ ಒಳಗಿಂದ ಚಿಲಕ ಹಾಕಿಕೊಂಡಿದೆ. ಹೇಗೆ ಅಂತ ಹೇಳ್ತೀನಿ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಸಣ್ಣ ಶೆಡ್‌ನಲ್ಲಿ ಕೆಲಸ ಮಾಡುತ್ತೇನೆ. ಹೈಡ್ರಾಲಿಕ್ ಪವರ್ ಪ್ಯಾಕ್‌ಗಳಿಗೆ ಕಂಟ್ರೋಲ್ ಬೋರ್ಡ್ ಮಾಡುವುದು ನಮ್ಮ ಕೆಲಸ. ಈ ಎಸ್‌ಟಿಎಂ32 ಚಿಪ್‌ಗಳ ಜೊತೆ ದಿನಾ ಗುದ್ದಾಟ. ಡಿಬಗರ್ ಕನೆಕ್ಟ್ ಆಗದೆ ಹಾಳಾದ ಸಂಜೆಗಳನ್ನು ಎಣಿಸಲು ಹೋದರೆ ಬೇಜಾರಾಗುತ್ತದೆ.

ಮೊದಲು ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ಇಲ್ಲಿ ಕೊಂಡಿ ಎರಡಿವೆ. ಕಂಪ್ಯೂಟರ್‌ನಿಂದ ಡಿಬಗರ್ ತನಕ ಒಂದು, ಅದು ಯುಎಸ್‌ಬಿ. ಡಿಬಗರ್‌ನಿಂದ ಚಿಪ್ ತನಕ ಇನ್ನೊಂದು, ಅದು ಎಸ್‌ಡಬ್ಲ್ಯೂಡಿ (ಸೀರಿಯಲ್ ವೈರ್ ಡಿಬಗ್), ಒಂದು ಡೇಟಾ ತಂತಿ, ಒಂದು ಕ್ಲಾಕ್ ತಂತಿ. ಯಾವುದು ಹರಿದಿದೆ ಅಂತ ಗೊತ್ತಾಗುವ ತನಕ ಯಾವುದಕ್ಕೂ ಕೈ ಹಚ್ಚಬಾರದು. ಗೊತ್ತು ಮಾಡುವುದು ಸುಲಭ, ಸಾಫ್ಟ್‌ವೇರೇ ಹೇಳುತ್ತದೆ. "ಡಿಬಗ್ ಪ್ರೋಬ್ ಸಿಗಲಿಲ್ಲ" ಅಂದರೆ ಮೊದಲನೇ ಕೊಂಡಿ, ಪ್ರೋಬ್ ಅಂದರೆ ಡಿಬಗರೇ. "ಟಾರ್ಗೆಟ್ ಸಿಗಲಿಲ್ಲ" ಅಂದರೆ ಎರಡನೇದು. ನಿಮಗೆ ಬರ್ತಿರುವುದು ಎರಡನೇದು, ಅಲ್ವಾ? ಅಂದರೆ ಡಿಬಗರ್ ಕಂಪ್ಯೂಟರ್ ಜೊತೆ ಆರಾಮಾಗಿ ಮಾತಾಡುತ್ತಿದೆ. ಆ ಮೂರು ಸಲದ ಡ್ರೈವರ್ ಕೆಲಸ ಸುಮ್ನೆ ದಂಡ.

ಚಿಪ್‌ಗೆ ಪ್ರೋಗ್ರಾಂ ಹಾಕುವ ಸಾಫ್ಟ್‌ವೇರ್ ಕ್ಯೂಬ್ ಪ್ರೋಗ್ರಾಮರ್ ತೆರೆದು ನೋಡಿ. ಡಿಬಗರ್‌ನ ಸೀರಿಯಲ್ ನಂಬರ್, ಫರ್ಮ್‌ವೇರ್ ವರ್ಷನ್ ಕಾಣುತ್ತಿದ್ದರೆ ಯುಎಸ್‌ಬಿ ಕಡೆ ಮರೆತುಬಿಡಿ.

ಇದೇ ಪ್ರಶ್ನೆ ಹುಡುಕಿಕೊಂಡು ಬರುವ ಬೇರೆಯವರಿಗಾಗಿ ಯುಎಸ್‌ಬಿ ಕಡೆಯದ್ದೂ ಒಂದಿಷ್ಟು ಹೇಳಿಬಿಡ್ತೀನಿ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ, ಇಲ್ಲವೇ ಲಿನಕ್ಸ್‌ನಲ್ಲಿ ಯುಎಸ್‌ಬಿ ಸಾಧನಗಳ ಪಟ್ಟಿಯಲ್ಲಿ, 0483 ಮತ್ತು 3748 ಅನ್ನೋ ಜೋಡಿ ನಂಬರ್ ಕಂಡರೆ ಎಸ್‌ಟಿ-ಲಿಂಕ್ ವಿ2 ಬಂದಿದೆ ಅಂತ ಅರ್ಥ. ಮೊದಲನೇದು ಕಂಪನಿಯ ನಂಬರ್, ಎರಡನೇದು ಮಾಲಿನದ್ದು. ಆ ಜೋಡಿ ಕಾಣದಿದ್ದರೆ ಡ್ರೈವರ್ ಹಾಕಿ ಏನೂ ಉಪಯೋಗವಿಲ್ಲ. ಬಂದೇ ಇಲ್ಲದ ನೆಂಟರಿಗೆ ಎಲೆ ಹಾಕಿದ ಹಾಗೆ. ಆಗ ಪೋರ್ಟ್ ಬದಲಿಸಿ. ಡೆಸ್ಕ್‌ಟಾಪ್ ಆದರೆ ಹಿಂದಿನ ಪೋರ್ಟ್ ಹಾಕಿ, ಮುಂದಿನದು ಬೇಡ. ಹಬ್ ಇದ್ದರೆ ತೆಗೆಯಿರಿ. ಕೇಬಲ್ ಹಾಕುವ ತರದ ಡಿಬಗರ್ ಆದರೆ ಮೊದಲ ಅನುಮಾನ ಕೇಬಲ್ ಮೇಲೆಯೇ ಇರಲಿ. ಸಾದಾ ಯುಎಸ್‌ಬಿ ಕೇಬಲ್‌ನಲ್ಲಿ ನಾಲ್ಕು ತಂತಿ ಇರುತ್ತವೆ, ಎರಡು ಕರೆಂಟಿಗೆ, ಎರಡು ಡೇಟಾಗೆ. ಬರೀ ಚಾರ್ಜಿಂಗ್‌ಗೆ ಅಂತ ಬರುವ ಕೆಲವು ಅಗ್ಗದ ಕೇಬಲ್‌ಗಳಲ್ಲಿ ಡೇಟಾದ ಎರಡು ಇರುವುದೇ ಇಲ್ಲ. ಡಿಬಗರ್‌ನ ಲೈಟ್ ಹತ್ತುತ್ತದೆ, ಕಂಪ್ಯೂಟರ್‌ಗೆ ಮಾತ್ರ ಸುದ್ದಿಯೇ ಇರುವುದಿಲ್ಲ. ಲಿನಕ್ಸ್‌ನಲ್ಲಿ ಪಟ್ಟಿಯಲ್ಲಿ ಕಂಡರೂ ತೆರೆಯಲು ಆಗದಿದ್ದರೆ ಅದು ಪರ್ಮಿಷನ್ ತಕರಾರು, ಯುಡೆವ್ ರೂಲ್ಸ್ (ಯಾವ ಸಾಧನ ಯಾರು ತೆರೆಯಬಹುದು ಅನ್ನೋ ನಿಯಮ) ಹಾಕಬೇಕು. ಇನ್ನೊಂದು, ಕೋಡ್ ಬರೆಯುವ ಕ್ಯೂಬ್ ಐಡಿಇಯಲ್ಲಿ ಡಿಬಗ್ ಓಡುತ್ತಿರುವಾಗಲೇ ಕ್ಯೂಬ್ ಪ್ರೋಗ್ರಾಮರ್‌ನಲ್ಲೂ ಕನೆಕ್ಟ್ ಒತ್ತಿದರೆ ಸಾಮಾನ್ಯವಾಗಿ ಅದು ಸಿಗುವುದಿಲ್ಲ. ಒಂದು ಡಿಬಗರ್, ಒಬ್ಬರೇ ಯಜಮಾನರು. ಇಷ್ಟು ಸಾಕು ಆ ಕಡೆಯದು.

ಈಗ ನಿಮ್ಮ ಕಡೆ ಬರೋಣ.

"ಹೊಸ ಪ್ರಾಜೆಕ್ಟ್, ಒಂದು ಸಲ ಪ್ರೋಗ್ರಾಂ ಹೋಯಿತು, ಆಮೇಲೆ ಇಲ್ಲ" ಅಂತ ಬರೆದಿದ್ದೀರಿ. ನನಗೆ ಅನುಮಾನ ಬಂದಿದ್ದೇ ಆ ಸಾಲಿನಿಂದ. ಶುರುವಿನ ಕೋಡ್ ತಾನೇ ಬರೆದು ಕೊಡುವ ಕ್ಯೂಬ್ ಎಂಎಕ್ಸ್ ಸಾಫ್ಟ್‌ವೇರ್‌ನಲ್ಲಿ, ಬ್ಲೂ ಪಿಲ್ ಮೇಲಿರುವ ಎಫ್103 ಚಿಪ್‌ಗೆ ಹೊಸ ಪ್ರಾಜೆಕ್ಟ್ ಮಾಡಿದಾಗ, ಸಿಸ್ಟಂ ಅನ್ನೋ ಭಾಗದಲ್ಲಿ ಡಿಬಗ್ ಅಂತ ಒಂದು ಆಯ್ಕೆ ಇರುತ್ತದೆ. ಅಲ್ಲಿ "ಸೀರಿಯಲ್ ವೈರ್" ಅಂತ ನಾವೇ ಆರಿಸಬೇಕು. ಬಿಟ್ಟರೆ "ನೋ ಡಿಬಗ್" ಅಂತಲೇ ಉಳಿದು, ಪ್ರೋಗ್ರಾಂ ಶುರುವಾದ ಕೂಡಲೇ ಡಿಬಗ್ ಪಿನ್‌ಗಳನ್ನು ಬಂದ್ ಮಾಡುವ ಒಂದು ಸಾಲು ಕೋಡ್‌ನಲ್ಲಿ ಬಂದು ಕೂರುತ್ತದೆ. ನೀವು ಬರೆದದ್ದಲ್ಲ, ಆ ಸಾಫ್ಟ್‌ವೇರೇ ಬರೆದು ಕೊಟ್ಟದ್ದು. ಮೊದಲ ಸಲ ಪ್ರೋಗ್ರಾಂ ಹಾಕುವಾಗ ಬಾಗಿಲು ತೆರೆದೇ ಇತ್ತು. ಒಳಗೆ ಹೋದ ಪ್ರೋಗ್ರಾಂ ಬಾಗಿಲು ಹಾಕಿಕೊಂಡಿತು. ಈಗ ನೀವು ಹೊರಗೆ ನಿಂತು ಕರೆಯುತ್ತಿದ್ದೀರಿ. ಚಿಪ್ಪನ್ನು ಗಾಢ ನಿದ್ದೆಗೆ ಕಳಿಸುವ ಕೋಡ್ ಬರೆದಿದ್ದರೂ ಹೀಗೇ ಆಗುತ್ತದೆ.

ಬಿಡಿಸುವುದು ಎರಡು ನಿಮಿಷದ ಕೆಲಸ. ಬ್ಲೂ ಪಿಲ್ ಮೇಲೆ ಎರಡು ಜಂಪರ್ ಇವೆ. ಬೂಟ್0 ಅಂತ ಬರೆದದ್ದನ್ನು 0ಯಿಂದ 1ಕ್ಕೆ ಹಾಕಿ, ಬೂಟ್1 ಹಾಗೇ 0ಯಲ್ಲಿ ಇರಲಿ. ರಿಸೆಟ್ ಬಟನ್ ಒಮ್ಮೆ ಒತ್ತಿ ಬಿಡಿ. ಈಗ ಚಿಪ್ಪು ನಿಮ್ಮ ಪ್ರೋಗ್ರಾಂ ಬಿಟ್ಟು, ಕಾರ್ಖಾನೆಯಲ್ಲೇ ಹಾಕಿ ಕಳಿಸಿದ ಬೂಟ್‌ಲೋಡರ್ ಓಡಿಸುತ್ತದೆ. ಅದು ಡಿಬಗ್ ಪಿನ್ ಮುಟ್ಟುವುದಿಲ್ಲ. ಕನೆಕ್ಟ್ ಒತ್ತಿ, ಸಿಗುತ್ತದೆ. ಸಿಕ್ಕ ಕೂಡಲೇ ಪೂರ್ತಿ ಚಿಪ್ ಅಳಿಸಿ, ಜಂಪರ್ ವಾಪಸ್ 0ಗೆ ಹಾಕಿ. ಪ್ರಾಜೆಕ್ಟ್‌ನಲ್ಲಿ ಸೀರಿಯಲ್ ವೈರ್ ಆರಿಸಿ, ಕೋಡ್ ಮತ್ತೆ ಜನರೇಟ್ ಮಾಡಿ. ಜಂಪರ್ ವಾಪಸ್ ಹಾಕೋದು ಮರೆತು, ಪ್ರೋಗ್ರಾಂ ಹೋದರೂ ಬೋರ್ಡ್ ಓಡ್ತಿಲ್ಲ ಅಂತ ಒಂದು ಮಧ್ಯಾಹ್ನ ಪೂರ್ತಿ ಕೂತವನು ನಾನೇ.

"ಕನೆಕ್ಟ್ ಅಂಡರ್ ರಿಸೆಟ್" ಅಂತ ಒಂದು ಮೋಡ್ ಇದೆ, ಅದನ್ನು ಯಾಕೆ ಹೇಳಲಿಲ್ಲ ಅಂತ ಕೇಳಬಹುದು. ಒಳ್ಳೆಯ ದಾರಿಯೇ ಅದು. ಆದರೆ ಅದಕ್ಕೆ ರಿಸೆಟ್ ತಂತಿ ಬೇಕು. ಪೆನ್‌ಡ್ರೈವ್ ತರದ ನಕಲಿ ಡಿಬಗರ್‌ಗಳಲ್ಲಿ ರಿಸೆಟ್ ಅಂತ ಬರೆದ ಪಿನ್ ಬಹಳ ಸಲ ಹಳೆಯ ಎಸ್‌ಟಿಎಂ8 ಚಿಪ್‌ಗಳಿಗೆ ಮಾತ್ರ ಕೆಲಸ ಮಾಡುತ್ತದೆ. ಆಗ ಕೈಯಿಂದಲೇ ಮಾಡಬೇಕು. ರಿಸೆಟ್ ಬಟನ್ ಒತ್ತಿ ಹಿಡಿದು, ಕನೆಕ್ಟ್ ಕ್ಲಿಕ್ ಮಾಡಿ, ಬಟನ್ ಬಿಡಬೇಕು. ಹೊತ್ತು ಸರಿಯಾಗಿ ಕೂಡಿಬರಲು ನಾಲ್ಕೈದು ಸಲ ಬೇಕಾಗುತ್ತದೆ. ಜಂಪರ್ ದಾರಿಯಲ್ಲಿ ಆ ತಲೆನೋವಿಲ್ಲ.

ಜಂಪರ್ ಹಾಕಿದ ಮೇಲೂ ಸಿಗಲಿಲ್ಲ ಅಂದರೆ ಮಲ್ಟಿಮೀಟರ್ ತೆಗೆದುಕೊಳ್ಳಿ. ಬೂಟ್0 ಇನ್ನೂ 1ರಲ್ಲೇ ಇರಲಿ. ಡಿಬಗರ್ ಪೂರ್ತಿ ತೆಗೆದುಬಿಡಿ. ಬೋರ್ಡ್‌ಗೆ ಅದರದೇ ಯುಎಸ್‌ಬಿ ಪೋರ್ಟ್‌ನಿಂದ ಕರೆಂಟ್ ಕೊಡಿ. ಮೊದಲು 3.3 ಪಿನ್ ಮತ್ತು ಗ್ರೌಂಡ್ ನಡುವೆ ಅಳೆಯಿರಿ, 3.3 ವೋಲ್ಟ್ ಹತ್ತಿರ ಬರಬೇಕು. ಆಮೇಲೆ ಡೇಟಾ ಪಿನ್ ಅಳೆಯಿರಿ, ಅದು ಪಿಎ13. ಕೊನೆಗೆ ಕ್ಲಾಕ್ ಪಿನ್, ಅದು ಪಿಎ14. ಈ ಚಿಪ್‌ನ ಒಳಗೇ ಪಿಎ13 ಅನ್ನು ಮೇಲಕ್ಕೆ, ಪಿಎ14 ಅನ್ನು ಕೆಳಕ್ಕೆ ಎಳೆಯುವ ರೆಸಿಸ್ಟರ್ ಇರುತ್ತವೆ. ಹಾಗಾಗಿ ಡೇಟಾ ಪಿನ್‌ನಲ್ಲಿ 3.3ರ ಹತ್ತಿರ, ಕ್ಲಾಕ್‌ನಲ್ಲಿ ಸೊನ್ನೆ ಹತ್ತಿರ ಬರಬೇಕು. ಹಾಗೆ ಬಂದರೆ ಚಿಪ್ಪು ಎಚ್ಚರ ಇದೆ, ತಂತಿ ನೋಡಿ. ಡೇಟಾ ಪಿನ್ ಸೊನ್ನೆಯಲ್ಲೇ ಮಲಗಿದ್ದರೆ ಆ ಪಿನ್ ಎಲ್ಲೋ ಶಾರ್ಟ್ ಆಗಿದೆ, ಇಲ್ಲವೇ ಸುಟ್ಟಿದೆ.

ತಂತಿ ಅಂದೆನಲ್ಲ, ಅಲ್ಲೊಂದು ದೊಡ್ಡ ಮೋಸ ಇದೆ. ಆ ಡಿಬಗರ್‌ಗಳ ಲೋಹದ ಕವಚದ ಮೇಲೆ ಹತ್ತು ಪಿನ್‌ಗಳ ಹೆಸರು ಮುದ್ರಿಸಿರುತ್ತಾರೆ. ಅದನ್ನು ನಂಬಬೇಡಿ. ಒಂದೇ ಪೊಟ್ಟಣದಲ್ಲಿ ನಾವು ಐದು ತರಿಸಿದ್ದೆವು, ಒಂದು ಕೆಂಪು, ಎರಡು ನೀಲಿ, ಎರಡು ಬಂಗಾರದ ಬಣ್ಣ. ನಾಲ್ಕು ಕೆಲಸ ಮಾಡಿದವು, ಒಂದು ನೀಲಿದು ಮಾಡಲಿಲ್ಲ. ಕವಚದ ತುದಿ ಹಿಡಿದು ಮೆಲ್ಲಗೆ ಎಳೆದೆ, ಜಾರಿ ಬಂತು. ಒಳಗಿನ ಬೋರ್ಡ್ ಮೇಲೆ ಬರೆದ ಹೆಸರುಗಳೇ ಬೇರೆ ಕ್ರಮದಲ್ಲಿದ್ದವು. ಹೊರಗೆ ಗ್ರೌಂಡ್ ಅಂತ ಇದ್ದ ಜಾಗದಲ್ಲಿ ಒಳಗೆ ಕ್ಲಾಕ್. ಯಾವುದೋ ಬ್ಯಾಚ್‌ನ ಅಂಗಿಯನ್ನು ಇನ್ನಾವುದೋ ಬ್ಯಾಚ್‌ಗೆ ತೊಡಿಸಿದ್ದರು. ನೀವೂ ಕವಚ ಎಳೆದು ಒಳಗಿನದ್ದೇ ಓದಿ. ನಿಮ್ಮದು ಒಂದು ಸಲ ಕೆಲಸ ಮಾಡಿದೆ, ಹಾಗಾಗಿ ಇದು ಇರಲಿಕ್ಕಿಲ್ಲ. ಆದರೆ ಬೆಳಿಗ್ಗೆ ತಂತಿ ಬಿಚ್ಚಿ ಮತ್ತೆ ಹಾಕಿದ್ದರೆ?

ಜಂಪರ್ ವೈರ್‌ಗಳ ಒಳಗಿನ ಕ್ರಿಂಪ್ (ತಂತಿಯನ್ನು ಲೋಹಕ್ಕೆ ಒತ್ತಿ ಕೂಡಿಸಿದ ಜಾಗ) ಸಡಿಲವಾಗುವುದೂ ಮಾಮೂಲು. ನಮ್ಮ ಬೆಳಗಾವಿ ಮಳೆಗಾಲದಲ್ಲಿ ನಾಲ್ಕು ತಿಂಗಳು ಡಬ್ಬಿಯಲ್ಲಿ ಬಿದ್ದಿದ್ದ ವೈರ್‌ಗಳನ್ನು ನಾನು ಕಣ್ಣು ಮುಚ್ಚಿ ಎಸೆಯುತ್ತೇನೆ. ಮೀಟರ್‌ನ ಬೀಪ್ ಇಟ್ಟು, ಎರಡೂ ತುದಿ ಹಿಡಿದು, ವೈರ್ ಅಲ್ಲಾಡಿಸುತ್ತಾ ನೋಡಿ. ಬೀಪ್ ಕಡಿದು ಕಡಿದು ಬಂದರೆ ಕಸದ ಬುಟ್ಟಿಗೆ. ಉದ್ದ ಒಂದು ಗೇಣಿಗಿಂತ ಜಾಸ್ತಿ ಬೇಡ. ಜಾಸ್ತಿ ಉದ್ದ ಬೇಕೇ ಬೇಕು ಅಂದರೆ ಸೆಟ್ಟಿಂಗ್‌ನಲ್ಲಿ ವೇಗವನ್ನು 4000 ಕಿಲೋಹರ್ಟ್ಸ್‌ನಿಂದ 480ಕ್ಕೋ 240ಕ್ಕೋ ಇಳಿಸಿ. ಒಮ್ಮೆ ಸಿಕ್ಕಿ ಒಮ್ಮೆ ಸಿಗದೆ ಆಟ ಆಡಿಸುವ ಬೋರ್ಡ್‌ಗೆ ಇದೇ ಮದ್ದು.

ನೀವು ರಿಲೇ ಬೋರ್ಡ್ ಕೂಡ ಹಚ್ಚಿದ್ದೀರಿ ಅಂತ ಬರೆದಿದ್ದೀರಿ. ಅದನ್ನು ಸದ್ಯ ಕಳಚಿ ಇಡಿ. ಡಿಬಗರ್ ಕೊಡುವ ಪವರ್‌ನಲ್ಲೇ ರಿಲೇ ಎಳೆಯಲು ಹೋದರೆ ವೋಲ್ಟೇಜ್ ಕುಸಿದು ಚಿಪ್ಪು ಮತ್ತೆ ಮತ್ತೆ ರಿಸೆಟ್ ಆಗುತ್ತದೆ. ಬೋರ್ಡ್‌ಗೆ ಬೇರೆ ಕಡೆಯಿಂದ ಪವರ್ ಕೊಟ್ಟಾಗ ಡಿಬಗರ್‌ನ 3.3 ತಂತಿ ತೆಗೆಯಿರಿ, ಎರಡು ಸಪ್ಲೈ ಒಂದಕ್ಕೊಂದು ಕೂಡಿಸಬಾರದು. ಗ್ರೌಂಡ್ ಮಾತ್ರ ಯಾವತ್ತೂ ಇರಬೇಕು. 3.3 ತಂತಿ ತೆಗೆಯುವ ಮಾತು ಪೆನ್‌ಡ್ರೈವ್ ತರದ ನಕಲಿಗೆ ಮಾತ್ರ. ಇಪ್ಪತ್ತು ಪಿನ್‌ನ ಅಸಲಿ ಎಸ್‌ಟಿ-ಲಿಂಕ್‌ನಲ್ಲಿ ಮೊದಲನೇ ಪಿನ್ ಪವರ್ ಕೊಡುವುದಲ್ಲ, ಬೋರ್ಡ್‌ನ ವೋಲ್ಟೇಜ್ ಎಷ್ಟಿದೆ ಅಂತ ನೋಡುವ ಪಿನ್. ಅದಕ್ಕೆ ತಂತಿ ಹಾಕದಿದ್ದರೆ ಬೋರ್ಡೇ ಇಲ್ಲ ಅಂದುಕೊಳ್ಳುತ್ತದೆ.

ಇನ್ನು ಡಿಬಗರ್ ನಿಜವಾಗಿ ಸುಡುವುದು ಯಾವಾಗ ಅಂತಲೂ ಹೇಳ್ತೀನಿ. ನಿಮ್ಮದು ಮೋಟರ್ ಪ್ರಾಜೆಕ್ಟ್ ಆಗಿರುವುದರಿಂದ ಮುಂದೆ ಇದು ಬೇಕಾಗುತ್ತದೆ.

ಒಂದು ಸಲ ಇಲ್ಲೇ ಉದ್ಯಮಬಾಗದ ಒಂದು ವರ್ಕ್‌ಶಾಪ್‌ಗೆ ಹೋಗಿದ್ದೆ. ಪ್ಯಾನೆಲ್ ಒಳಗೆ ನಮ್ಮ ಬೋರ್ಡು, ಪಕ್ಕದಲ್ಲೇ ಮೋಟರ್ ಡ್ರೈವ್. ಲ್ಯಾಪ್‌ಟಾಪ್ ಚಾರ್ಜರ್‌ಗೆ ಹಾಕಿ, ಪ್ಯಾನೆಲ್ ಬಾಗಿಲಿಗೆ ಒರಗಿಕೊಂಡು ಡಿಬಗರ್ ಚುಚ್ಚಿದೆ. ಸಣ್ಣದೊಂದು ಚಟ್ ಸದ್ದು. ಡಿಬಗರ್ ಲೈಟ್ ಆರಿತು, ಮತ್ತೆ ಹತ್ತಲಿಲ್ಲ. ಬ್ಯಾಗಿನಿಂದ ಎರಡನೇದು ತೆಗೆದೆ. ಅಲ್ಲಿನ ವೈರ್‌ಮನ್ ಕಾಕಾ ಅಷ್ಟೊತ್ತು ಚಾ ಕುಡಿಯುತ್ತಾ ನೋಡ್ತಾ ಇದ್ದವರು ಎದ್ದು ಬಂದರು.

"ಸರ, ತಡೀರಿ. ನಿಮ್ಮ ಲ್ಯಾಪ್‌ಟಾಪ್ ಮೈ ಜುಂ ಅಂತೈತೇನ್ರಿ?"

"ಹೌದು ಕಾಕಾ, ಯಾವಾಗಲೂ ಸ್ವಲ್ಪ ಅನ್ನುತ್ತೆ."

ಜೇಬಿನಿಂದ ಟೆಸ್ಟರ್ ತೆಗೆದು ಲ್ಯಾಪ್‌ಟಾಪ್‌ನ ಸ್ಕ್ರೂ ಮೇಲೆ ಇಟ್ಟರು. ಟೆಸ್ಟರ್ ಮಂಕಾಗಿ ಉರಿಯಿತು. "ಚಾರ್ಜರಿಗೆ ಎರಡ ಪಿನ್ ಐತಿ, ಅರ್ಥಿಂಗ್ ಇಲ್ಲ. ನಮ್ಮ ಪ್ಯಾನೆಲ್ಲಿಗೆ ಅರ್ಥಿಂಗ್ ಐತಿ. ಚಾರ್ಜರ್ ಕಿತ್ತು ಹಚ್ಚ್ರಿ." ಅಷ್ಟು ಹೇಳಿ ಮತ್ತೆ ಚಾ ಕಡೆ ಹೋದರು.

ಅವರು ಹೇಳಿದ್ದು ಅಕ್ಷರಶಃ ಸರಿ. ಎರಡು ಪಿನ್‌ನ ಚಾರ್ಜರ್ ಒಳಗೆ ಕರೆಂಟಿನ ಗದ್ದಲ (ನಾಯ್ಸ್) ಕಡಿಮೆ ಮಾಡಲು ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ಲ್ಯಾಪ್‌ಟಾಪ್‌ನ ಗ್ರೌಂಡ್ ಭೂಮಿಗಿಂತ ಎಷ್ಟೋ ವೋಲ್ಟ್ ಮೇಲೆ ತೇಲುತ್ತಾ ಇರುತ್ತದೆ. ಕರೆಂಟ್ ತೀರಾ ಕಡಿಮೆ, ಮನುಷ್ಯನಿಗೆ ಜುಂ ಅನ್ನುತ್ತದೆ ಅಷ್ಟೇ. ಆದರೆ ಅರ್ಥಿಂಗ್ ಇರುವ ಬೋರ್ಡ್‌ಗೆ ಗ್ರೌಂಡ್ ತಂತಿಗಿಂತ ಮೊದಲು ಡೇಟಾ ತಂತಿ ಮುಟ್ಟಿತು ಅನ್ನಿ, ಆ ಒಂದು ಕ್ಷಣದ ಹೊಡೆತ ನೇರ ಡಿಬಗರ್‌ನ ಪಿನ್‌ಗೆ. ಅವತ್ತಿನಿಂದ ನಾನು ಪ್ಯಾನೆಲ್ ಹತ್ತಿರ ಬ್ಯಾಟರಿ ಮೇಲೆಯೇ ಕೆಲಸ ಮಾಡೋದು. ಮೊದಲು ಗ್ರೌಂಡ್, ಆಮೇಲೆ ಉಳಿದದ್ದು. ಬಿಚ್ಚುವಾಗ ಗ್ರೌಂಡ್ ಕೊನೆಗೆ. ಮೋಟರ್ ಶುರುವಾದ ಕೂಡಲೇ ಡಿಬಗರ್ ಕಳಚಿಕೊಳ್ಳುತ್ತಿದ್ದರೆ ಅದು ಸುಟ್ಟಿದ್ದಲ್ಲ, ಗದ್ದಲ. ವೈರ್ ಗಿಡ್ಡ ಮಾಡಿ, ಮೋಟರ್ ಕೇಬಲ್‌ನಿಂದ ದೂರ ಇಡಿ.

ಕೊನೆಗೆ ಒಂದು ಸಣ್ಣ ಸಂಗತಿ. ಬ್ಲೂ ಪಿಲ್ ಅಂತ ಮಾರುವ ಎಷ್ಟೋ ಬೋರ್ಡ್‌ಗಳ ಮೇಲಿರುವುದು ಬೇರೆ ಕಂಪನಿಯ ಹೊಂದಾಣಿಕೆ ಚಿಪ್. ನೀವು ಓಪನ್‌ಒಸಿಡಿ ಅನ್ನೋ ಡಿಬಗ್ ಸಾಫ್ಟ್‌ವೇರ್ ಬಳಸುವುದಾದರೆ ಅದು ಚಿಪ್‌ನ ಗುರುತಿನ ಸಂಖ್ಯೆ ಕೇಳುತ್ತದೆ. ಅಸಲಿಯಲ್ಲಿ ಆ ಸಂಖ್ಯೆ 1ರಿಂದ ಶುರು, ಕೆಲವು ನಕಲಿಗಳಲ್ಲಿ 2ರಿಂದ. ಉಳಿದದ್ದೆಲ್ಲ ಒಂದೇ. ಆ ಒಂದು ಅಂಕಿಗೆ ಓಪನ್‌ಒಸಿಡಿ ರಚ್ಚೆ ಹಿಡಿದು ನಿಂತುಬಿಡುತ್ತದೆ. ಕಾನ್ಫಿಗ್ ಫೈಲ್‌ನಲ್ಲಿ ನಿರೀಕ್ಷಿತ ಸಂಖ್ಯೆಯನ್ನು 0 ಮಾಡಿದರೆ ಸುಮ್ಮನಾಗುತ್ತದೆ. ಇಲ್ಲೂ ಗಮನಿಸಿ, ಸಂಖ್ಯೆ ಓದಲು ಆಯಿತು ಅಂದಮೇಲೆ ತಂತಿ, ಡಿಬಗರ್, ಡ್ರೈವರ್ ಎಲ್ಲಾ ಸರಿ ಇವೆ ಅಂತಲೇ ಲೆಕ್ಕ.

ನೀವು ಮೊದಲು ಬೂಟ್0 ಮಾಡಿ ನೋಡಿ. ಆಗದಿದ್ದರೆ ಡಿಬಗರ್ ತೆಗೆದು ಪಿಎ13, ಪಿಎ14ರ ವೋಲ್ಟೇಜ್ ಅಳೆದು ಆ ಎರಡು ಅಂಕಿ ಇಲ್ಲಿ ಬರೆಯಿರಿ. ಜೊತೆಗೆ ಕವಚ ತೆಗೆದ ಡಿಬಗರ್‌ನ ಒಂದು ಫೋಟೋ ಹಾಕಿ. ಇವತ್ತು ರಾತ್ರಿ ಶೆಡ್‌ನಿಂದ ಬಂದ ಮೇಲೆ ನೋಡ್ತೀನಿ.