ಮುಂದಿನ ತಾರೀಖು ಕೇಳಲು ಹಿಂಜರಿದ ಗಾಯಕರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನಲವತ್ತು ದಾಟಿದ ಈ ಗಾಯಕರು ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದದ್ದು ನಿದ್ದೆ ಬರುತ್ತಿಲ್ಲವೆಂಬ ದೂರಿನೊಂದಿಗೆ. ಸಭೆ-ಸಮಾರಂಭಗಳ ಅವಕಾಶಗಳು ಕಡಿಮೆಯಾದ ಮೇಲೆ ಹಿರಿಯರ ಆರೈಕೆ ಕೇಂದ್ರಗಳಲ್ಲಿ ಕೀಬೋರ್ಡ್ ನುಡಿಸುತ್ತ ಹಾಡತೊಡಗಿದ್ದ ಅವರು 8 ತಿಂಗಳಲ್ಲಿ 11 ಕೇಂದ್ರಗಳಿಗೆ ಹೋಗಿಬಂದಿದ್ದರು. ಎಲ್ಲ ಕಡೆಯೂ ಚಪ್ಪಾಳೆ ಸಿಕ್ಕಿತ್ತು. ಮತ್ತೆ ಕರೆದದ್ದು ಒಂದೇ ಕೇಂದ್ರ. ತಮ್ಮ ಹಾಡು ಯಾರಿಗೂ ಹಿಡಿಸಲಿಲ್ಲವೆಂದು ಅವರು ತಾವೇ ತೀರ್ಮಾನಿಸಿಕೊಂಡಿದ್ದರು.

ಕೊನೆಯ ಕಾರ್ಯಕ್ರಮದ ಕೊನೆಯ ಹತ್ತು ನಿಮಿಷಗಳನ್ನು ವಿವರಿಸಲು ಕೇಳಿದೆ. ಅಲ್ಲಿಯವರೆಗೆ ಮಾತೇ ಆಡದಿದ್ದ ಅಜ್ಜಿಯೊಬ್ಬರು ಗಾಲಿಕುರ್ಚಿಯ ಕೈಯ ಮೇಲೆ ಬೆರಳಿನಿಂದ ತಾಳ ಹಾಕತೊಡಗಿ, ಎರಡನೆಯ ಚರಣದ ಹೊತ್ತಿಗೆ ದನಿಗೂಡಿಸಿದ್ದರಂತೆ. ಮಾತ್ರೆಗಳ ತಟ್ಟೆ ಹಿಡಿದಿದ್ದ ಶುಶ್ರೂಷಕಿ ಹೆಜ್ಜೆ ಮುಂದಿಡದೆ ನಿಂತುಬಿಟ್ಟಿದ್ದರಂತೆ. ಆಮೇಲೆ ಏನು ಮಾಡಿದಿರಿ ಎಂದೆ. “ವೈರು ಸುತ್ತಿಕೊಂಡು ಬಂದೆ.” ಮುಂದಿನ ತಾರೀಖು ಕೇಳಲಿಲ್ಲವೇ? “ಕೇಳಿದರೆ ಬೇಡಿದ ಹಾಗಾಗುತ್ತದಲ್ಲ, ಮೇಡಂ.”

ವೇದಿಕೆಯಿಂದ ಇಳಿದು ಬಂದವನೆಂಬ ಸಂಕೋಚ ಆ ಮಾತಿನ ಹಿಂದೆ ಇತ್ತು. ಆತ್ಮವಿಶ್ವಾಸದ ಅಭ್ಯಾಸಗಳಿಂದಲೇ ಆರಂಭಿಸಬೇಕೆಂದು ಮೊದಲು ನಾನೂ ಅಂದುಕೊಂಡಿದ್ದೆ. ಆದರೆ ತೊಂದರೆಯ ಅರ್ಧ ಪಾಲು ವ್ಯವಹಾರಕ್ಕೆ ಸೇರಿದ್ದೆಂದು ಬೇಗನೆ ಮನವರಿಕೆಯಾಯಿತು. ಅವರು ಪತ್ರ ಬರೆಯುತ್ತಿದ್ದುದು ಕೇಂದ್ರದ ಮುಖ್ಯಸ್ಥರಿಗೆ. ಕಾರ್ಯಕ್ರಮಗಳನ್ನು ಗೊತ್ತುಮಾಡುವವರು ಸಾಮಾನ್ಯವಾಗಿ ನಿವಾಸಿಗಳ ದಿನದ ಚಟುವಟಿಕೆಗಳನ್ನು ನೋಡಿಕೊಳ್ಳುವ ಸಿಬ್ಬಂದಿ. ತಿಂಗಳ ಪಟ್ಟಿಯನ್ನು ಮೊದಲೇ ತುಂಬಬೇಕಾದ ಅವರಿಗೆ, ಗೊತ್ತಾದ ದಿನ ತಪ್ಪದೆ ಬಂದು, ತನ್ನ ಸಾಮಾನು ತಾನೇ ಜೋಡಿಸಿಕೊಂಡು, ಹೇಳಿದ ಹೊತ್ತಿಗೆ ಮುಗಿಸುವ ಕಲಾವಿದರು ಸಿಕ್ಕರೆ ಒಂದು ಹೊರೆ ಇಳಿದಂತೆ. ಆದ್ದರಿಂದ ಕೀಬೋರ್ಡ್ ಮಡಚುವ ಮೊದಲೇ ಡೈರಿ ತೆರೆದು, “ಪ್ರತಿ ತಿಂಗಳ ಎರಡನೆಯ ಮಂಗಳವಾರ ಬರಲೇ?” ಎಂದು ಕೇಳಬೇಕೆಂದು ಸೂಚಿಸಿದೆ. ಪರಿಚಯಕ್ಕಾಗಿ 20 ನಿಮಿಷ ಉಚಿತವಾಗಿ ಹಾಡಬಹುದು. ಎರಡನೆಯ ಭೇಟಿಯಿಂದ ಸಂಭಾವನೆ ಎಷ್ಟೆಂಬುದನ್ನು ಅಂದೇ ತಿಳಿಸಬೇಕು. ಒಂದೇ ದಿಕ್ಕಿನ ಎರಡು ಕೇಂದ್ರಗಳನ್ನು ಒಂದೇ ದಿನಕ್ಕೆ ಇಟ್ಟುಕೊಂಡರೆ ಪ್ರಯಾಣ ಉಳಿಯುತ್ತದೆ. ಸೋಂಕು ಹರಡಿದಾಗ ಹೊರಗಿನವರ ಪ್ರವೇಶ ನಿಲ್ಲುವುದುಂಟು. ಹಾಗೆ ರದ್ದಾದರೆ ಏನು ಮಾಡುವುದೆಂದು ಬರಹದಲ್ಲಿ ಒಪ್ಪಿಕೊಂಡಿರುವುದು ಒಳ್ಳೆಯದು.

ಹಾಡಿನ ಆಯ್ಕೆಯಲ್ಲೂ ತಿದ್ದುಪಡಿ ಬೇಕಿತ್ತು. ತಮ್ಮ ತಂದೆ-ತಾಯಿ ಇಷ್ಟಪಟ್ಟಿದ್ದ ಹಾಡುಗಳನ್ನೇ ಅವರು ಆರಿಸುತ್ತಿದ್ದರು. ಸುಮಾರು 10ರಿಂದ 30ರ ವಯಸ್ಸಿನ ನಡುವಿನ ನೆನಪುಗಳು ಮನಸ್ಸಿನಲ್ಲಿ ಹೆಚ್ಚು ಗಟ್ಟಿಯಾಗಿ ಉಳಿಯುವುದರಿಂದ, ಎದುರಿಗಿರುವವರು ಹುಟ್ಟಿದ ವರ್ಷದಿಂದ ಲೆಕ್ಕ ಹಾಕಬೇಕು: 1940ರಲ್ಲಿ ಹುಟ್ಟಿದವರಿಗೆ 1950ರಿಂದ 1970ರವರೆಗಿನ ಹಾಡುಗಳು ಹತ್ತಿರ. ವಯಸ್ಸಾದಂತೆ ಮೊದಲು ಕುಂದುವುದು ಹೆಚ್ಚಿನ ಕಂಪನಾಂಕದ, ಅಂದರೆ ತೀಕ್ಷ್ಣವಾದ, ಸದ್ದುಗಳನ್ನು ಗ್ರಹಿಸುವ ಶಕ್ತಿ. ಧ್ವನಿವರ್ಧಕವನ್ನು ಏರಿಸಿದರೆ ಶ್ರವಣಸಾಧನ ಹಾಕಿಕೊಂಡವರಿಗೆ ಗದ್ದಲ ಹೆಚ್ಚುತ್ತದೆಯೇ ಹೊರತು ಪದ ಸ್ಪಷ್ಟವಾಗುವುದಿಲ್ಲ. ಮರೆವಿನ ಕಾಯಿಲೆಯ ಕೆಲವರು ಸಂಜೆಯಾದಂತೆ ಚಡಪಡಿಸುವುದರಿಂದ, ಅದಕ್ಕೆ ಮೊದಲೇ 45 ನಿಮಿಷದೊಳಗೆ ಮುಗಿಸುವುದು ಕ್ಷೇಮ. “ಈ ಹಾಡು ನೆನಪಿದೆಯಾ?” ಎಂದು ಅವರನ್ನು ಪರೀಕ್ಷಿಸಬಾರದೆಂದು ಒತ್ತಿ ಹೇಳಿದೆ. ಹಾಗೆಯೇ ಸಂಗೀತ ಚಿಕಿತ್ಸಕರೆಂದು ಕರೆದುಕೊಳ್ಳಬಾರದು. ಅದಕ್ಕೆ ಬೇರೆಯೇ ತರಬೇತಿ ಇದೆ.

ಎರಡನೆಯ ಭೇಟಿಯಲ್ಲಿ ನಾನು ಸಿಬ್ಬಂದಿಯ ಪಾತ್ರ ವಹಿಸಿ, ಮುಂದಿನ ತಾರೀಖು ಕೇಳುವ ಆ ಪ್ರಶ್ನೆಯನ್ನು ಅವರಿಂದ ಕೇಳಿಸಿಕೊಂಡೆ. ಸಂಭಾವನೆಯ ಮಾತು ಬಂದಾಗಲೆಲ್ಲ ಅವರ ದನಿ ಇಳಿಯುತ್ತಿತ್ತು. ನಾಲ್ಕನೆಯ ಸಲ ಇಳಿಯಲಿಲ್ಲ. 3 ತಿಂಗಳ ನಂತರ 4 ಕೇಂದ್ರಗಳಲ್ಲಿ ಅವರಿಗೆ ತಿಂಗಳಿಗೊಂದು ದಿನ ಗೊತ್ತಾಗಿತ್ತು. ಐದನೆಯದು ಹಣವಿಲ್ಲವೆಂದು ನಿರಾಕರಿಸಿದ ರಾತ್ರಿ ಮತ್ತೆ ನಿದ್ದೆಗೆಟ್ಟಿತೆಂದರು. ಮುಂದಿನ ಭೇಟಿಯನ್ನು ಅದಕ್ಕೆಂದೇ ಇಟ್ಟುಕೊಂಡಿದ್ದೇವೆ.